ಆದಾಯದಲ್ಲಿ ಅಂತರವಿದ್ದರೆ ಅದು ಅನ್ಯಾಯವೇ?

ಅಂತರವೊಂದನ್ನೇ ನೋಡಿ ಹೇಳಲಾಗದು. ಸಮಾನ ಗಾತ್ರದ ಎರಡೇ ವರ್ಗಗಳಿರುವ ಸಮಾಜದಲ್ಲಿ ಮೂರು ಬಗೆಯ ಹಂಚಿಕೆ ಸಾಧ್ಯ ಎಂದುಕೊಳ್ಳಿ (ಮೊದಲ ಅಂಕಿ ಕೆಳಗಿನ ವರ್ಗದ ಆದಾಯ, ಎರಡನೆಯದು ಮೇಲಿನ ವರ್ಗದ್ದು): 10–10, 14–30, 12–60. ಕಟ್ಟಾ ಸಮಾನತಾವಾದಿಗೆ ಮೊದಲನೆಯದೇ ಸರಿ. ಒಟ್ಟು ಮೊತ್ತವನ್ನಷ್ಟೇ ನೋಡುವವರು 72 ಬರುವ ಮೂರನೆಯದನ್ನು ಹಿಡಿಯುತ್ತಾರೆ. ಅಮೆರಿಕದ ತತ್ವಜ್ಞಾನಿ ಜಾನ್ ರಾಲ್ಸ್ 1971ರಲ್ಲಿ ಮಂಡಿಸಿದ ‘ವ್ಯತ್ಯಾಸ ತತ್ವ’ದ ಆಯ್ಕೆ ಎರಡನೆಯದು, ಕೆಳಗಿನವರಿಗೆ ಅತಿ ಹೆಚ್ಚು ಸಿಗುವುದು ಅಲ್ಲೇ.

ಜನ ಎಡವುವುದು ಇಲ್ಲಿ: ಬಡವರಿಗೂ ಒಂದಿಷ್ಟು ಹೆಚ್ಚಾದರೆ ಸಾಕು ಎಂದು ಈ ತತ್ವವನ್ನು ಅರ್ಥಮಾಡಿಕೊಳ್ಳುತ್ತಾರೆ. ಹಾಗಿದ್ದರೆ 12–60 ಕೂಡ ಪಾಸಾಗಬೇಕಿತ್ತು (10ಕ್ಕಿಂತ 12 ಹೆಚ್ಚಲ್ಲವೇ!). ಅಲ್ಲದೆ, ಮೂಲಭೂತ ಸ್ವಾತಂತ್ರ್ಯಗಳು ಮತ್ತು ನ್ಯಾಯಯುತ ಅವಕಾಶ ಸಮಾನತೆ ಈಡೇರಿದ ಮೇಲಷ್ಟೇ ಈ ಲೆಕ್ಕ. ಆದಾಯದ ಅಸಮಾನತೆಯನ್ನಷ್ಟೇ ಅಳೆಯುವ ಗಿನಿ ಸೂಚ್ಯಂಕ 10–10ಕ್ಕೆ ಸೊನ್ನೆ, ಅಂದರೆ ಅಸಮಾನತೆಯೇ ಇಲ್ಲ ಎಂದು ತೋರಿಸುತ್ತದೆ. 14 ಸಿಗಬಹುದಾಗಿದ್ದಲ್ಲಿ 10 ಮಾತ್ರ ಸಿಕ್ಕಿ ಕೆಳಗಿನವರು ಕಳೆದುಕೊಂಡ 4 ಅದರ ಕಣ್ಣಿಗೆ ಬೀಳುವುದೇ ಇಲ್ಲ.