ಹಂದಿಯ ಬಾಲದ ಲೇಖನ ಕಳಿಸಿದವರಿಗೆ

ನಮಸ್ಕಾರ. ಸಾಕುಹಂದಿಗಳು ಒಂದರ ಬಾಲ ಒಂದು ಕಚ್ಚುವ ಬಗ್ಗೆ ನೀವು ತೀರ್ಥಹಳ್ಳಿಯಿಂದ ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲಿಕ್ಕೆ ಆಗುವುದಿಲ್ಲ. ಬೇಜಾರಾಗಬೇಡಿ, ಪೂರ್ತಿ ಓದಿ.

ಮೊದಲ ಪುಟದ ತುಂಬಾ 'ಕೃಷಿ ನಮ್ಮ ದೇಶದ ಬೆನ್ನೆಲುಬು'. ಅದನ್ನು ತೆಗೆದುಬಿಡಿ. ನಿಮ್ಮ ಲೇಖನದಲ್ಲಿ ನಿಜವಾದ ಬೆನ್ನೆಲುಬು ಒಂದಿದೆ, ಅದು ಹಂದಿಯದು, ಅದನ್ನೇ ಮರೆತಿದ್ದೀರಿ. ಮೂರನೇ ಪುಟದಲ್ಲಿ, ಆವರಣದೊಳಗೆ, ಸುಮ್ನೆ ಒಂದು ಸಾಲು: 'ಬಾಲದ ಗಾಯ ಒಣಗಿ ಮೂರು ವಾರದ ಮೇಲೆ ಒಂದು ಹಂದಿ ಹಿಂಗಾಲು ಎಳೆಯತೊಡಗಿತು, ಅದು ಬೇರೆ ವಿಷಯ.' ಬೇರೆ ವಿಷಯ ಅಲ್ಲ ಮಾರಾಯ್ರೇ, ಅದೇ ವಿಷಯ!

ಬಾಲದ ಗಾಯದಿಂದ ಒಳಗೆ ಹೋದ ಬ್ಯಾಕ್ಟೀರಿಯಾ ರಕ್ತದ ಜೊತೆ ಹೋಗಿ ಬೆನ್ನುಮೂಳೆಯಲ್ಲಿ ಕೀವು ಕಟ್ಟಬಹುದು, ಆ ಕೀವು ಬೆನ್ನುಹುರಿಯನ್ನು ಒತ್ತಿದರೆ ಹಿಂಗಾಲಿನ ಬಲ ಹೋಗುತ್ತದೆ, ಶ್ವಾಸಕೋಶಕ್ಕೆ ಹೋದರೆ ಅಲ್ಲೂ ಕೀವು, ಕೀಲಿಗೆ ಹೋದರೆ ಕುಂಟು. ಹೊರಗೆ ನೋಡಿದರೆ ಗಾಯ ಮಾಯ್ದಿರುತ್ತದೆ. ತೂಕ ಮಾತ್ರ ಏರುವುದಿಲ್ಲ. ಎಷ್ಟೋ ಸಲ ಹಂದಿಯನ್ನು ಮಾಂಸಕ್ಕೆ ಕೊಯ್ದ ಮೇಲೇ ಗೊತ್ತಾಗುವುದು, ಆಗ ಆ ಮಾಂಸ ಬಿಸಾಕಬೇಕು. ಆದರೆ ಹಿಂಗಾಲು ಸೋಲಲು ಬೇರೆ ಕಾರಣಗಳೂ ಇವೆ. ಅದಕ್ಕೇ ಬರೆಯುವ ಮೊದಲು ಆ ಹಂದಿ ನೋಡಿದ ಡಾಕ್ಟರನ್ನು ಕೇಳಿ. ಇಲ್ಲದಿದ್ದರೆ ಶಿವಮೊಗ್ಗದಲ್ಲೇ ಪಶುವೈದ್ಯಕೀಯ ಕಾಲೇಜಿದೆ, ಒಂದು ಬಸ್ಸಿನ ದೂರ.

ಕಚ್ಚುವ ಹಂದಿಯನ್ನು 'ಕ್ರೂರಿ' ಅಂದಿದ್ದೀರಿ. ಅದು ದಿನವಿಡೀ ಮೂತಿಯಿಂದ ನೆಲ ಕೆದಕುವ ಪ್ರಾಣಿ. ಸಿಮೆಂಟ್ ನೆಲದಲ್ಲಿ ಕೆದಕಲಿಕ್ಕೆ ಏನಿದೆ? ಎದುರಿಗೆ ಅಲ್ಲಾಡುತ್ತಿರುವ ಬಾಲ ಇದೆ. ಜಾಗ ಇಕ್ಕಟ್ಟು, ತೊಟ್ಟಿ ಚಿಕ್ಕದು, ಮೇವಿನಲ್ಲಿ ಉಪ್ಪು ಕಡಿಮೆ ಅಂದರೆ ಕಚ್ಚಾಟ ಇನ್ನೂ ಜಾಸ್ತಿ. ಗಾಳಿ ಕೆಟ್ಟರೂ ಅಷ್ಟೇ. ಜಡಿಮಳೆಗೆ ಸುತ್ತಲೂ ಟಾರ್ಪಲ್ ಇಳಿಬಿಟ್ಟೆವು, ಮೂತ್ರದ ಘಾಟಿಗೆ ನಮ್ಮ ಕಣ್ಣೇ ಉರಿಯುತ್ತಿತ್ತು ಅಂತ ನೀವೇ ಬರೆದಿದ್ದೀರಿ. ಕಚ್ಚಾಟ ಶುರುವಾದದ್ದೂ ಆಗಲೇನಾ? ತಿಂಗಳು ಹೇಳಿಲ್ಲ.

'ಮರಿಯಿರುವಾಗಲೇ ಬಾಲ ಕತ್ತರಿಸಿದರೆ ಮುಗಿಯಿತು' ಅನ್ನುವ ಸಾಲು ಬೇಡ. ಮುಗಿಯುವುದಿಲ್ಲ, ಮೋಟು ಬಾಲವನ್ನೂ ಕಚ್ಚುತ್ತವೆ. ಯುರೋಪಿಯನ್ ಒಕ್ಕೂಟದ 2008ರ ನಿಯಮದ ಪ್ರಕಾರ ಎಲ್ಲ ಮರಿಗಳಿಗೂ ರೂಢಿಯಂತೆ ಬಾಲ ಕತ್ತರಿಸುವಂತಿಲ್ಲ. ಅದರ ಬದಲು ಸಾಕುವವರಿಗೆ ಕೆಲಸಕ್ಕೆ ಬರುವುದನ್ನು ಹೇಳಿ: ಬಾಲ ಕಾಲಿನ ಸಂದಿಗೆ ಸೇರಿಸಿಕೊಂಡು ಓಡಾಡುವ ಹಂದಿ ಕಂಡರೆ ಅವತ್ತೇ ಎಚ್ಚರ. ರಕ್ತ ಬಂದರೆ ಉಳಿದವೂ ಮುತ್ತುತ್ತವೆ, ಗಾಯಗೊಂಡದ್ದನ್ನು ಬೇರೆ ಮಾಡಬೇಕು, ಕಚ್ಚುವುದನ್ನೂ. ನೆಲಕ್ಕೆ ಭತ್ತದ ಹುಲ್ಲು ಹಾಕಬೇಕು. ನಮ್ಮ ಕಡೆ ಕೊಟ್ಟಿಗೆಗೆ ದರಗು, ಅಂದರೆ ಒಣಗಿದ ಎಲೆ, ಹಾಕುವುದಿಲ್ವಾ, ಹಾಗೇ.

ಹಿಂಗಾಲು ಎಳೆದ ಆ ಬೆಳಿಗ್ಗೆಯಿಂದ ಶುರು ಮಾಡಿ, ಎರಡು ಪುಟ ಸಾಕು. ಮರಿ ಎತ್ತಿಕೊಂಡ ಸೆಲ್ಫಿ ಬೇಡ, ಗಾಯದ ಫೋಟೋ ಇದ್ದರೆ ಕಳಿಸಿ. ಅಂದ ಹಾಗೆ, ಆ ಹಂದಿ ಬದುಕಿತಾ? ಅದನ್ನೂ ನೀವು ಬರೆದಿಲ್ಲ.