ಎಳ್ಳಮಾವಾಸ್ಯೆಗೆ ನಾವು ಮಾಡಿದ ಬಾಕ್ಸ್ ಐಡಿಯಾವನ್ನು ಬೇರೆ ಅಂಗಡಿಯವರು ಹಾಗೇ ಕಾಪಿ ಮಾಡಿದ್ದಾರೆ. ಏನು ಮಾಡಬೇಕು?

ನಿಮ್ಮ ಪ್ರಶ್ನೆ ಓದಿ ಸಂಕಟವಾಯಿತು. ಕಲಬುರಗಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿ ಪುಡಿ) ಮಾರುತ್ತೀರಿ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲಲು, ಅಂದರೆ ಭೂತಾಯಿಗೆ ನೈವೇದ್ಯ ಹಾಕಲು, ಹೋಗುವವರಿಗೆ ಅಂತ ಸಜ್ಜೆ ರೊಟ್ಟಿ, ಹಿಂಡಿ, ಹೋಳಿಗೆ ಸೇರಿಸಿ ಒಂದು ಬಾಕ್ಸ್ ಮಾಡಿದಿರಿ. ವಾರ ತುಂಬುವುದರೊಳಗೆ ಇನ್ನೊಬ್ಬರು ಅದೇ ಬಾಕ್ಸ್, ಅದೇ ಮಾತು, ಸ್ವಲ್ಪ ಕಡಿಮೆ ರೇಟಿಗೆ ಇಳಿಸಿದರು. ನಾನೂ ಇದೇ ಊರಲ್ಲಿ ತೊಗರಿ ಬೇಳೆ, ಚಟ್ನಿ ಪುಡಿ ಪ್ಯಾಕ್ ಮಾಡಿ ಮಾರುತ್ತೇನೆ. ಇದೇ ಕಾಟ ನನಗೂ ಇದೆ.

ಬಾಕ್ಸಿನ ಐಡಿಯಾವನ್ನು ತಡೆಯಲು ಆಗುವುದಿಲ್ಲ. ಐಡಿಯಾಕ್ಕೆ ಕಾಪಿರೈಟ್ ಇಲ್ಲ ಅಂತ ಸುಪ್ರೀಂ ಕೋರ್ಟ್ 1978ರಲ್ಲೇ, ಒಂದು ನಾಟಕ ಮತ್ತು ಸಿನಿಮಾದ ಜಗಳದಲ್ಲಿ, ಸ್ಪಷ್ಟವಾಗಿ ಹೇಳಿದೆ. ಹಬ್ಬಕ್ಕೆ ಬಾಕ್ಸ್ ಮಾಡುವುದು, ಐದಕ್ಕೆ ಒಂದು ಫ್ರೀ ಕೊಡುವುದು, ಇವೆಲ್ಲ ಯಾರು ಬೇಕಾದರೂ ಮಾಡಬಹುದು. ಅದರ ಹಿಂದೆ ಬಿದ್ದು ವಕೀಲರಿಗೆ ದುಡ್ಡು ಸುರಿಯಬೇಡಿ.

ಆದರೆ ನೀವು ತೆಗೆದ ಫೋಟೋ, ನೀವು ಬರೆದ ಸಾಲು, ಬಾಕ್ಸ್ ಮೇಲಿನ ಚಿತ್ರ, ಇವು ಬೇರೆ ಮಾತು. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಇವಕ್ಕೆ ರಿಜಿಸ್ಟರ್ ಮಾಡಿಸಲೇಬೇಕು ಅಂತಿಲ್ಲ, ಮಾಡಿದ ಕ್ಷಣದಿಂದಲೇ ಹಕ್ಕು ಇರುತ್ತದೆ. ನನ್ನ ಬೇಳೆಯ ಫೋಟೋವನ್ನು ಒಬ್ಬರು ತಮ್ಮ ಪೇಜಿನಲ್ಲಿ ಹಾಕಿಕೊಂಡಿದ್ದರು. ಫೋನಿನಲ್ಲಿದ್ದ ಮೂಲ ಫೋಟೋ ತೋರಿಸಿ ಇನ್‌ಸ್ಟಾಗ್ರಾಂನ ಕಾಪಿರೈಟ್ ದೂರಿನ ಫಾರಂ ತುಂಬಿದೆ, ತೆಗೆದುಹಾಕಿದರು. ಅದಕ್ಕೇ ಹೇಳುವುದು, ಮೂಲ ಫೈಲುಗಳನ್ನು ಅಳಿಸಬೇಡಿ. ಡಿಸೈನ್ ಹೊರಗಿನವರಿಂದ ಮಾಡಿಸಿದ್ದರೆ ಹಕ್ಕು ನಿಮಗೆ ಬಿಟ್ಟುಕೊಟ್ಟಿದ್ದೇವೆ ಅಂತ ಬರೆಸಿ ಸಹಿ ಹಾಕಿಸಿಕೊಳ್ಳಿ. ದುಡ್ಡು ಕೊಟ್ಟ ಮಾತ್ರಕ್ಕೆ ಲೋಗೋ ನಿಮ್ಮದಾಗುವುದಿಲ್ಲ. ಇದು ಬಹಳ ಜನಕ್ಕೆ ಗೊತ್ತೇ ಇಲ್ಲ.

ಅಂಗಡಿಯ ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸಿ. ಒಬ್ಬ ವ್ಯಕ್ತಿಯ ಹೆಸರಲ್ಲಿ ಅಥವಾ ಸಣ್ಣ ಉದ್ಯಮ ಅಂತ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದರೆ ಒಂದು ಕ್ಲಾಸಿಗೆ (ಸರಕಿನ ವರ್ಗಕ್ಕೆ) ಸರ್ಕಾರಿ ಫೀಸು 4,500 ರೂಪಾಯಿ. ರೊಟ್ಟಿ 30ನೇ ಕ್ಲಾಸಿಗೆ ಬರುತ್ತದೆ. ಸಿಕ್ಕರೆ 10 ವರ್ಷ ನಡೆಯುತ್ತದೆ, ಆಮೇಲೆ ನವೀಕರಿಸಬಹುದು. ಬರೀ ‘ಖಡಕ್ ರೊಟ್ಟಿ’ ಅಂತ ಹೆಸರಿಟ್ಟರೆ ಸಿಗುವುದಿಲ್ಲ, ಅದು ಎಲ್ಲರ ಮಾತು. ನಮ್ಮ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ (ಊರಿನ ಹೆಸರಿನ ಮೇಲೆ ಸಿಗುವ ಭೌಗೋಳಿಕ ಗುರುತು) ಬಂತು, ಸಂತೋಷ. ಆದರೆ ಆ ಹೆಸರು ಈ ಭಾಗದ ಎಲ್ಲ ಬೆಳೆಗಾರರದು, ನನ್ನೊಬ್ಬನದಲ್ಲ. ಹಾಗಾಗಿ ಪ್ಯಾಕೆಟ್ ಮೇಲೆ ನನ್ನದೇ ಬೇರೆ ಹೆಸರು ಬೇಕೇ ಬೇಕಾಯಿತು.

ಇನ್ನು ವ್ಯಾಪಾರದ ಮಾತು. ನನ್ನ ಪ್ರಕಾರ ಅಸಲು ವಿಷಯ ಇಲ್ಲಿದೆ. ಅವರು ನಿಮ್ಮ ಪೋಸ್ಟರ್ ನೋಡಿ ಕಾಪಿ ಮಾಡುತ್ತಾರೆ. ನಿಮ್ಮ ಗಿರಾಕಿಗಳ ಪಟ್ಟಿ ಅವರಿಗೆ ಕಾಣುವುದಿಲ್ಲ ಅಲ್ವಾ? ಯಾರು ಏನು ತಗೊಂಡರು, ಯಾವ ಹಬ್ಬಕ್ಕೆ ತಗೊಂಡರು, ಯಾರ ಮನೆಯಲ್ಲಿ ಬೆಳ್ಳುಳ್ಳಿ ಇಲ್ಲದ ಹಿಂಡಿ ಬೇಕು, ಯಾರ ಮಗ ಪುಣೆಯಲ್ಲಿದ್ದಾನೆ, ಯಾರ ಮಗಳಿಗೆ ಬೆಂಗಳೂರು ಬಸ್ಸಿಗೆ ಪಾರ್ಸೆಲ್ ಹಾಕಬೇಕು, ಇದನ್ನೆಲ್ಲ ಬರೆದಿಡಿ. ನಾನು ಒಂದು ನೋಟ್‌ಬುಕ್ಕಿನಲ್ಲೇ ಶುರು ಮಾಡಿದ್ದು.

ಮುಂದಿನ ಎಳ್ಳಮಾವಾಸ್ಯೆಗೆ ಪೋಸ್ಟರ್ ಮೊದಲು ಹಾಕಬೇಡಿ. ಎರಡು ವಾರ ಮುಂಚೆ ಹಳೇ ಗಿರಾಕಿಗಳಿಗೆ ಒಬ್ಬೊಬ್ಬರಿಗೇ ಹೆಸರು ಹಿಡಿದು ವಾಟ್ಸಾಪ್ ಮಾಡಿ. ‘ಹೋದ ಸಲ ನಾಲ್ಕು ಬಾಕ್ಸ್ ತಗೊಂಡಿದ್ದಿರಿ, ಈ ಸಲ ಎಷ್ಟು ಇಡಲಿ?’ ಅಂತ ಕೇಳಿ. ಸ್ವಲ್ಪ ಅಡ್ವಾನ್ಸ್ ತಗೊಳ್ಳಿ. ಆರ್ಡರ್ ಕೈಗೆ ಬಂದ ಮೇಲೆ ಸ್ಟೇಟಸ್, ರೀಲ್ಸ್ ಎಲ್ಲ ಹಾಕಿ. ಅಷ್ಟೊತ್ತಿಗೆ ಅವರು ಕಾಪಿ ಮಾಡಿದರೂ ನಿಮ್ಮ ಅರ್ಧ ಮಾಲು ಬುಕ್ ಆಗಿರುತ್ತದೆ. ಎಷ್ಟು ರೊಟ್ಟಿ ಬಡಿಯಬೇಕು ಅಂತ ಹೆಂಗಸರಿಗೆ ಮೊದಲೇ ಹೇಳಬಹುದು, ಮಾಲು ಉಳಿಯುವ ಚಿಂತೆಯೂ ಕಡಿಮೆ. ಕಳೆದೆರಡು ಸುಗ್ಗಿಯಿಂದ ಹೊಸ ಬೇಳೆಯನ್ನು ನಾನು ಹೀಗೇ ಮಾರುತ್ತಿದ್ದೇನೆ. ಜನವರಿಯಲ್ಲಿ ಗಂಜ್ ಮಾರುಕಟ್ಟೆಗೆ ಹೊಸ ತೊಗರಿ ಬರುತ್ತಿದ್ದಂತೆ ಮೊದಲ ಸುದ್ದಿ ಹಳೇ ಗಿರಾಕಿಗಳಿಗೇ ಹೋಗುತ್ತದೆ.

ರೇಟ್ ಇಳಿಸುವ ಪಂದ್ಯಕ್ಕೆ ಮಾತ್ರ ಇಳಿಯಬೇಡಿ. ನಿಮ್ಮ ಬಾಕ್ಸಿನ ಖರ್ಚು ಎಷ್ಟು ಅಂತ ಅವರಿಗೆ ಗೊತ್ತಿಲ್ಲ, ಅವರ ಖರ್ಚು ನಿಮಗೆ ಗೊತ್ತಿಲ್ಲ. ಕಡಿಮೆ ಮಾಡಲು ಹೋದರೆ ಮೊದಲು ಕೈ ಬೀಳುವುದು ಎಣ್ಣೆ, ಶೇಂಗಾದ ಗುಣಮಟ್ಟದ ಮೇಲೆ, ಇಲ್ಲ ರೊಟ್ಟಿ ಬಡಿಯುವವರ ಕೂಲಿ ಮೇಲೆ. ಅದು ಬೇಡ.

ಹೆಸರು ಹಾಕಿ ಬೈದು ಪೋಸ್ಟ್ ಮಾಡಬೇಕು ಅಂತಲೂ ಬರೆದಿದ್ದೀರಿ. ದಯವಿಟ್ಟು ಬೇಡ. ನಾಳೆ ಮಾನಹಾನಿ ಅಂತ ಅವರೇ ನಿಮ್ಮ ಮೇಲೆ ಕೇಸ್ ಹಾಕಬಹುದು. ನಿಮ್ಮ ಫೋಟೋ ಅಥವಾ ಹೆಸರನ್ನೇ ಬಳಸಿದ್ದರೆ ನೇರವಾಗಿ ಹೋಗಿ, ಸ್ಕ್ರೀನ್‌ಶಾಟ್ ತೋರಿಸಿ, ತೆಗೆಯಿರಿ ಅಂತ ಕೇಳಿ. ಕೇಳದಿದ್ದರೆ ದೂರು, ಆಮೇಲೆ ವಕೀಲರ ನೋಟಿಸ್. ಬರೀ ಬಾಕ್ಸ್ ಕಾಪಿ ಮಾಡಿದ್ದರೆ ಹೋಗುವುದೇ ಬೇಡ. ಆ ಹೊತ್ತಿನಲ್ಲಿ ಹೋದ ಸಲ ಬಾಕ್ಸ್ ತಗೊಂಡವರಿಗೆ ಫೋನ್ ಮಾಡಿ, ಹೋಳಿಗೆ ಹೇಗಿತ್ತು ಅಂತ ಕೇಳಿ ಬರೆದುಕೊಳ್ಳಿ.