ಹಿರಿಯರ ಮನೋರೋಗ ವಾರ್ಡಿನಲ್ಲಿ ಏನನ್ನು ಗಮನಿಸಬೇಕು?

ಪ್ರಶ್ನೆ: ನನ್ನ ತಾಯಿಗೆ 74 ವರ್ಷ. ತಂದೆಯವರು ತೀರಿಕೊಂಡ ಮೇಲೆ ಅವರಿಗೆ ಊಟ, ನಿದ್ರೆ ಎರಡೂ ಇಲ್ಲ. ಬದುಕಿರುವುದೇ ಬೇಡ ಎನ್ನುತ್ತಾರೆ. ಕೆಲವು ವಾರ ಒಳರೋಗಿಯಾಗಿ ಇರಿಸುವಂತೆ ಮನೋವೈದ್ಯರು ಸಲಹೆ ಕೊಟ್ಟಿದ್ದಾರೆ. ನಾವು ನೋಡಿಬಂದ ಎರಡು ಆಸ್ಪತ್ರೆಗಳೂ ಅಚ್ಚುಕಟ್ಟಾಗಿವೆ, ವಾರ್ಡುಗಳೂ ಶಾಂತವಾಗಿವೆ. ಆರೈಕೆಯ ಗುಣಮಟ್ಟವನ್ನು ನಮ್ಮಂಥವರು ತಿಳಿಯುವುದು ಹೇಗೆ?
ಓದುಗರೊಬ್ಬರು, ದಾವಣಗೆರೆ

ಉತ್ತರ: ತಾಯಿಯವರ ಸ್ಥಿತಿಯನ್ನು ನೋಡಿದರೆ, ಆಸ್ಪತ್ರೆಗಳನ್ನು ತೂಗಿ ನೋಡುವುದರಲ್ಲಿ ಹೆಚ್ಚು ದಿನ ಕಳೆಯಬಾರದು. ದಾಖಲು ಮಾಡುವವರೆಗೆ ಅವರನ್ನು ಒಂಟಿಯಾಗಿ ಬಿಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು.

ನೀವು ಕಂಡ ಶಾಂತತೆಯನ್ನು ಮಾತ್ರ ನಾನು ಗುಣಮಟ್ಟದ ಗುರುತೆಂದು ಒಪ್ಪಲಾರೆ. ವಯಸ್ಸಾದವರು ಚೇತರಿಸಿಕೊಂಡಾಗಲೂ ಸುಮ್ಮನಿರುತ್ತಾರೆ, ಮಂಪರು ತರಿಸುವ ಔಷಧಿ ಹೆಚ್ಚಾದಾಗಲೂ ಸುಮ್ಮನಿರುತ್ತಾರೆ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೋಗಿ, ಎಷ್ಟು ಜನ ಸ್ನಾನ ಮುಗಿಸಿ ಓಡಾಡುತ್ತಿದ್ದಾರೆ, ಕನ್ನಡಕ, ಕಿವಿಯ ಯಂತ್ರ, ಹಲ್ಲಿನ ಸೆಟ್ಟು ಅವರವರ ಕೈಗೆಟುಕುವಂತಿವೆಯೇ, ಶೌಚಾಲಯದಲ್ಲಿ ಹಿಡಿದುಕೊಳ್ಳಲು ಆಸರೆ ಇದೆಯೇ, ಮಾತ್ರೆ ಕೊಡುವ ನರ್ಸ್ ಎರಡು ಮಾತನಾಡುತ್ತಾರೆಯೇ ಎಂಬುದನ್ನು ಗಮನಿಸಿ. ಮನೆಯವರೊಬ್ಬರು ಜೊತೆಗಿರುವುದು ನಮ್ಮಲ್ಲಿ ವಾಡಿಕೆ, ರೋಗಿಗೆ ಅದರಿಂದ ಧೈರ್ಯವೂ ಬರುತ್ತದೆ. ಆದರೆ ಊಟ ಮಾಡಿಸುವುದರಿಂದ ಹಿಡಿದು ರಾತ್ರಿ ಕಾಯುವವರೆಗೆ ಎಲ್ಲವೂ ಅವರ ಮೇಲೆಯೇ ಬಿದ್ದಿದ್ದರೆ ಅಲ್ಲಿ ಸಿಬ್ಬಂದಿ ಸಾಲದೆಂದೇ ತಿಳಿಯಬೇಕು. ರಾತ್ರಿ ಪಾಳಿಯಲ್ಲಿ ಎಷ್ಟು ರೋಗಿಗಳಿಗೆ ಎಷ್ಟು ನರ್ಸ್‌ಗಳಿರುತ್ತಾರೆ ಎಂದು ನೇರವಾಗಿ ಕೇಳಿ.

ಎಲ್ಲಕ್ಕಿಂತ ಮುಖ್ಯವಾದದ್ದು, ಮನಸ್ಸಿನ ಜೊತೆಗೆ ದೇಹವನ್ನೂ ಅಷ್ಟೇ ಶ್ರದ್ಧೆಯಿಂದ ಪರೀಕ್ಷಿಸುತ್ತಾರೆಯೇ ಎಂಬುದು. ಥೈರಾಯ್ಡ್ ಕೊರತೆ, ಬಿ12 ಕೊರತೆ, ರಕ್ತದಲ್ಲಿ ಸೋಡಿಯಂ ಇಳಿಯುವುದು ಇವೆಲ್ಲ ಇಳಿವಯಸ್ಸಿನಲ್ಲಿ ಮನೋರೋಗದಂತೆ ಕಾಣಿಸಬಹುದು ಅಥವಾ ಇರುವ ರೋಗವನ್ನು ಹೆಚ್ಚಿಸಬಹುದು. ಮೂತ್ರದ ಸೋಂಕಿನಂಥ ಕಾರಣದಿಂದ ಹಠಾತ್ತಾಗಿ ಬರುವ ಗೊಂದಲವನ್ನು ಮರೆವಿನ ಕಾಯಿಲೆ ಎಂದು ತಪ್ಪಾಗಿ ತಿಳಿಯುವುದೂ ಉಂಟು. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳೇ ಸೋಡಿಯಂ ಇಳಿಸುತ್ತವೆ, ನಿದ್ರೆಯ ಮಾತ್ರೆಗಳು ಬೀಳುವ ಅಪಾಯವನ್ನು ಹೆಚ್ಚಿಸುತ್ತವೆ. ಹಾಗಾಗಿ ದಾಖಲಾದ ಮೊದಲೆರಡು ದಿನಗಳಲ್ಲಿ ಯಾವ ಪರೀಕ್ಷೆ ಮಾಡುತ್ತೀರಿ, ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳೂ ಸೇರಿದಂತೆ ಎಲ್ಲ ಔಷಧಿಗಳನ್ನು ಒಟ್ಟಿಗೆ ಇಟ್ಟು ನೋಡುವವರು ಯಾರು, ತೂಕವನ್ನು ಎಷ್ಟು ದಿನಕ್ಕೊಮ್ಮೆ ಬರೆದಿಡುತ್ತೀರಿ ಎಂದು ಕೇಳಿ. ಈ ಪ್ರಶ್ನೆಗಳಿಗೆ ಬೇಸರಪಡದೆ ಉತ್ತರಿಸುವ ವೈದ್ಯರ ಮೇಲೆ ನನಗೆ ವಿಶ್ವಾಸ ಹೆಚ್ಚು.

ಚಿಕಿತ್ಸೆಯ ಗುಣಮಟ್ಟವನ್ನು ವ್ಯವಸ್ಥೆ, ನಡೆಯುವ ಕ್ರಮ, ಫಲಿತಾಂಶ ಎಂದು ಮೂರಾಗಿ ನೋಡಬೇಕೆಂದು ಅಮೆರಿಕದ ವೈದ್ಯ, ಸಂಶೋಧಕ ಅವೆಡಿಸ್ ಡೊನಾಬೆಡಿಯನ್ 1966ರಲ್ಲಿ ಬರೆದರು. ಕಟ್ಟಡ ಮೊದಲನೆಯದರ ಒಂದು ಭಾಗ ಮಾತ್ರ. ಫಲಿತಾಂಶವನ್ನು ಎಷ್ಟು ಬೇಗ ಮನೆಗೆ ಕಳಿಸಿದರು ಎಂಬುದರಿಂದ ಅಳೆಯುವುದು ಸರಿಯಲ್ಲ, ಏಕೆಂದರೆ ತೀವ್ರ ಕಾಯಿಲೆಯವರನ್ನು ಸೇರಿಸಿಕೊಳ್ಳುವ ಆಸ್ಪತ್ರೆಯಲ್ಲಿ ದಿನಗಳು ಹೆಚ್ಚಾಗುವುದು ಸಹಜ. ದಾಖಲಾದಾಗಲೂ ಬಿಡುಗಡೆಯ ವೇಳೆಗೂ ಅದೇ ಪ್ರಶ್ನಾವಳಿಯಿಂದ ಖಿನ್ನತೆಯನ್ನು ಅಳೆದಿದ್ದಾರೆಯೇ, ತಾಯಿಯವರು ತಾವಾಗಿ ಉಣ್ಣುವ, ನಡೆಯುವ ಶಕ್ತಿಯನ್ನು ಮರಳಿ ಪಡೆದಿದ್ದಾರೆಯೇ ಎಂಬುದೇ ನಿಜವಾದ ಅಳತೆ. ಬ್ರಿಟನ್ನಿನಲ್ಲಿ ಮನೋವೈದ್ಯರ ರಾಯಲ್ ಕಾಲೇಜು ಹಿರಿಯರ ವಾರ್ಡುಗಳ ಪರಿಶೀಲನೆಯಲ್ಲಿ ಚಿಕಿತ್ಸೆ ಪಡೆದವರನ್ನೂ ಆರೈಕೆ ಮಾಡಿದ ಮನೆಯವರನ್ನೂ ಸೇರಿಸಿಕೊಳ್ಳುತ್ತದೆ. ನಮ್ಮಲ್ಲಿಯೂ ಅದು ರೂಢಿಯಾಗಬೇಕು.

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 ನಿಮ್ಮ ನೆರವಿಗಿದೆ. ಆಸ್ಪತ್ರೆ ಅದರಡಿ ನೋಂದಣಿಯಾಗಿರಬೇಕು. ರೋಗಿಯನ್ನು ಕೋಣೆಯಲ್ಲಿ ಒಂಟಿಯಾಗಿ ಕೂಡಿಹಾಕುವುದು ನಿಷಿದ್ಧ. ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಿದ್ದಾಗ ಮಾತ್ರ, ಮನೋವೈದ್ಯರ ಅನುಮತಿಯಿಂದ, ಕಟ್ಟಿಹಾಕಬಹುದು, ಮತ್ತು ಅದನ್ನು ರೋಗಿಯ ನಾಮನಿರ್ದೇಶಿತ ಪ್ರತಿನಿಧಿಗೆ (ರೋಗಿ ತನ್ನ ಪರವಾಗಿ ಹೆಸರಿಸಿದವರಿಗೆ) 24 ಗಂಟೆಯೊಳಗೆ ತಿಳಿಸಬೇಕು. ಊಟವನ್ನೇ ಬಿಟ್ಟ ತೀವ್ರ ಖಿನ್ನತೆಯಲ್ಲಿ, ಜನ ಶಾಕ್ ಚಿಕಿತ್ಸೆ ಎನ್ನುವ ಇಸಿಟಿಯನ್ನು ವೈದ್ಯರು ಸೂಚಿಸಬಹುದು. ಹೆದರಬೇಡಿ, ಹಿರಿಯರಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧಿ ಇಲ್ಲದೆ ಅದನ್ನು ಕೊಡುವಂತಿಲ್ಲ.

ಬಿಡುಗಡೆಯ ನಂತರ ಮೊದಲ ವಾರದಲ್ಲಿ ಯಾರು ನೋಡುತ್ತಾರೆ, ಮತ್ತೆ ಊಟ ಬಿಟ್ಟರೆ ಯಾವ ಸಂಖ್ಯೆಗೆ ಕರೆ ಮಾಡಬೇಕು, ಯಾವ ಮಾತ್ರೆಯನ್ನು ಎಲ್ಲಿಯವರೆಗೆ ಕೊಡಬೇಕು ಎಂಬುದನ್ನು ದಾಖಲಾಗುವಾಗಲೇ ವಿಚಾರಿಸಿ, ಹೊರಡುವ ದಿನ ಬರಹದಲ್ಲಿ ಪಡೆಯಿರಿ.